ನಿಧಾನಸ್ಥ ದೆವ್ವ

ನಮ್ಮ ಸೆಕ್ಷನ್ನಿನ ಫ್ಯಾಕ್ಸ್ ಯಂತ್ರಕ್ಕೆ ಮಾತಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸವಿದೆ. ಮೊದಲು ಗಂಟೆ ಬಾರಿಸುತ್ತದೆ. ಅನಂತರ ಕೀಚಲು ದನಿಯಲ್ಲಿ ಯಾರನ್ನೋ ಬೈಯುತ್ತದೆ. ಆಮೇಲೆ ಒಂದಷ್ಟು ಹೊತ್ತು ಸುಮ್ಮನಿದ್ದು, ಸನ್ಮಾನಕ್ಕೆ ಉತ್ತರ ಹೇಳಲು ಎದ್ದುನಿಂತ ಹಿರಿಯರ ಹಾಗೆ ದೀರ್ಘವಾಗಿ ಕೆಮ್ಮಿ, ಕಡೆಗೊಮ್ಮೆ ಹಾಳೆಯ ಅಂಚನ್ನು ಹೊರಗೆ ತೋರಿಸುತ್ತದೆ. ಹಾಳೆ ಪೂರ್ತಿ ಹೊರಬರುವಷ್ಟರಲ್ಲಿ ನಮ್ಮ ಚಹಾ ಮುಗಿದಿರುತ್ತದೆ. ಹೊರಬಂದದ್ದರಲ್ಲಿ ಅರ್ಧ ಕಪ್ಪು, ಕಾಲು ಬಿಳಿ, ಮಿಕ್ಕ ಕಾಲಿನಲ್ಲಿ ಭಾರತ ಸರ್ಕಾರ. ಈಗ ಇ-ಮೇಲ್ ಬಂದಮೇಲಂತೂ ಈ ಯಂತ್ರವನ್ನು ಕೇಳುವವರಿಲ್ಲ. ಇದನ್ನು ನಿರುಪಯುಕ್ತವೆಂದು ಘೋಷಿಸಿ ಗುಜರಿಗೆ ಹಾಕಬೇಕೆಂಬ ಕಡತವೊಂದು ನನ್ನ ಮೇಜಿನ ಮೇಲೆ ಬಂದು ಕೂತಿದೆ. ನಾನು, ಅಂದರೆ ದೆಹಲಿಯ ಒಂದು ಸಚಿವಾಲಯದಲ್ಲಿ ಇಂಥ ಕಡತಗಳನ್ನು ವಿಲೇವಾರಿ ಮಾಡುವುದಕ್ಕೆಂದೇ ಸಂಬಳ ಪಡೆಯುತ್ತಿರುವ ಅಂಡರ್ ಸೆಕ್ರೆಟರಿ, ಅದಕ್ಕೆ ಸಹಿ ಹಾಕಿಲ್ಲ. ಕಾರಣ ಕೇಳಿದವರಿಗೆ ತಾಂತ್ರಿಕ ತೊಡಕು ಎಂದಿದ್ದೇನೆ. ನಿಮ್ಮ ಹತ್ತಿರ ಏನು ಮುಚ್ಚುಮರೆ, ಕಾರಣ ಒಂದು ಜಪಾನೀ ದೆವ್ವ.

ಕೆಲವು ವರ್ಷಗಳ ಹಿಂದೆ ನನಗೆ ಸದಭಿರುಚಿ ಎಂಬ ಕಾಯಿಲೆ ತಗುಲಿತ್ತು. ಜಪಾನಿಗೆ ಸಂಬಂಧಪಟ್ಟ ಪತ್ರವ್ಯವಹಾರವನ್ನು ನನ್ನ ತಲೆಗೆ ಕಟ್ಟಿದ್ದರಿಂದ ಆಗಾಗ ಆ ದೇಶದ ಅತಿಥಿಗಳ ಪಕ್ಕದಲ್ಲಿ ಊಟಕ್ಕೆ ಕೂರುವ ಪ್ರಸಂಗ ಬರುತ್ತಿತ್ತು. ಅವರಲ್ಲೊಬ್ಬರು ಬಹಳ ವಿನಯದಿಂದ, ನಿಮಗೆ ನಮ್ಮ ದೇಶದ ಸಿನಿಮಾ ಇಷ್ಟವೇ ಎಂದು ಕೇಳಿದರು. ನಾನು ಅವರಿಗಿಂತ ವಿನಯದಿಂದ, ಪ್ರಾಣ ಎಂದೆ. ಹೇಳಿಯಾದ ಮೇಲೆ ಪೂರ್ವಾನ್ವಯವಾಗಿ ಸತ್ಯವಂತನಾಗುವುದು ಸರ್ಕಾರಿ ನೌಕರನಿಗೆ ಕಷ್ಟವಲ್ಲ; ಅದೇ ಶನಿವಾರ ನೆಲಮಾಳಿಗೆಯ ಒಂದು ಮಾರುಕಟ್ಟೆಗಿಳಿದು ಸಿ.ಡಿ. ಮಾರುವ ಭಯ್ಯಾನ ಹತ್ತಿರ ಗಂಭೀರವಾದ, ಕಲಾತ್ಮಕವಾದ ಜಪಾನೀ ಚಿತ್ರ ಬೇಕೆಂದೆ. ಅವನು ರಾಶಿಯಲ್ಲಿ ಕೈಯಾಡಿಸಿ ಎರಡು ಡಿಸ್ಕುಗಳ ಒಂದು ಕಟ್ಟು ತೆಗೆದು, "ಯೇ ಲೀಜಿಯೇ ಸರ್, ಘಂಟೇ ಭರ್ ಕುಛ್ ನಹೀಂ ಹೋತಾ" ಎಂದ. ಒಂದು ಗಂಟೆಯವರೆಗೆ ಏನೂ ನಡೆಯದ ಚಿತ್ರ ಕಲಾತ್ಮಕವಲ್ಲದೆ ಇನ್ನೇನಾಗಿರಲು ಸಾಧ್ಯ? ನಾನು ಚೌಕಾಶಿ ಮಾಡದೆ ಕೊಂಡೆ.

ಮನೆ ದ್ವಾರಕೆಯಲ್ಲಿ. ಕೃಷ್ಣನದಲ್ಲ, ದೆಹಲಿಯ ಮೂಲೆಯಲ್ಲಿ ಸೊಸೈಟಿಯ ಪಕ್ಕ ಸೊಸೈಟಿ ಕಟ್ಟಿ, ನಿವೃತ್ತ ಅಧಿಕಾರಿಗಳನ್ನೂ ನಿವೃತ್ತರಾಗಲಿರುವ ಅಧಿಕಾರಿಗಳನ್ನೂ ತುಂಬಿಟ್ಟಿರುವ ದ್ವಾರಕೆ. ದೆವ್ವಕ್ಕೆ ಹೇಳಿಮಾಡಿಸಿದ ಜಾಗವೇನಲ್ಲ. ಕಟ್ಟಡಗಳು ಎಷ್ಟು ಹೊಸವೆಂದರೆ ಅವುಗಳಲ್ಲಿ ಸಾಯಲು ಇನ್ನೂ ಯಾರಿಗೂ ಪುರಸೊತ್ತಾಗಿರಲಿಲ್ಲ; ಒಂದಿಬ್ಬರು ಪ್ರಯತ್ನದಲ್ಲಿದ್ದರು, ಅಷ್ಟೆ. ನಮ್ಮ ಫ್ಲ್ಯಾಟಿನಲ್ಲಿ ನಾನು, ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಹೆಂಡತಿ ವಿಮಲಾ, ಎಂಟನೇ ಕ್ಲಾಸಿನ ಮಗಳು ಚಿನ್ನು, ಮತ್ತು ಒಂದು ವರ್ಷದ ಹಿಂದೆ ಅರಸೀಕೆರೆಯ ನನ್ನ ತಮ್ಮನ ಮನೆಯಿಂದ ಬಂದಿದ್ದ ನನ್ನ ಅಮ್ಮ.

ಅಮ್ಮ ಮಾತಿನ ಹೆಂಗಸು. ಅರಸೀಕೆರೆಯಲ್ಲಿ ಅವಳು ಬಾಗಿಲಿಗೆ ಬಂದು ನಿಂತಳೆಂದರೆ ಹಾಲಿನವನೂ ಹೂವಿನವಳೂ ಮುಂದಿನ ಮನೆಗೆ ತಡವಾಗಿ ಹೋಗುವುದು ವಾಡಿಕೆ. ದ್ವಾರಕೆಯಲ್ಲಿ ತರಕಾರಿ ಭಯ್ಯಾನಿಗೆ ಇವಳ ಕನ್ನಡ ಬಾರದು, ಇವಳಿಗೆ ಅವನ ಹಿಂದಿ ಬಾರದು. ಬೆಂಡೆಕಾಯಿ ತೋರಿಸಿ ಬೆರಳೆತ್ತುವುದರಲ್ಲಿ ಸಂಭಾಷಣೆ ಮುಗಿಯುತ್ತಿತ್ತು. ನಾನೂ ವಿಮಲಾಳೂ ಬೆಳಿಗ್ಗೆ ಹೊರಟರೆ ಸಂಜೆ ಕತ್ತಲಾದ ಮೇಲೇ ಬರುವವರು. ಮಧ್ಯಾಹ್ನ ಶಾಲೆಯಿಂದ ಬರುವ ಚಿನ್ನುವಿಗೆ ಕನ್ನಡ ಕಿವಿಗೆ ಬರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಅಜ್ಜಿ ಒಂದು ಪುರಾಣದಷ್ಟು ಕೇಳಿದರೆ ಮೊಮ್ಮಗಳು "ಹಾಂ ಅಜ್ಜಿ", "ಠೀಕ್ ಅಜ್ಜಿ", "ಕುಛ್ ನಹೀಂ ಅಜ್ಜಿ" ಎಂಬ ಉತ್ತರಗಳಲ್ಲಿ ಒಂದನ್ನು ಕೊಟ್ಟು ಕೋಣೆ ಸೇರುತ್ತಿದ್ದಳು. ಜಂಬವಲ್ಲ ಅದು. ವಾಕ್ಯವೊಂದನ್ನು ಶುರುಮಾಡಿ, ಮಧ್ಯದಲ್ಲಿ ಶಬ್ದ ಸಿಗದೆ, ಎಲ್ಲರೆದುರು ಬಾಯಿ ತೆರೆದು ನಿಲ್ಲಬೇಕಾದ ನಾಚಿಕೆ. ಶಬ್ದ ಸಿಗುವವರೆಗೆ ಕಾಯಲು ನಮಗಾದರೂ ತಾಳ್ಮೆ ಎಲ್ಲಿತ್ತು? ನಾನೋ ವಿಮಲಾಳೋ ಅವಳ ವಾಕ್ಯವನ್ನು ನಾವೇ ಮುಗಿಸಿ, ಚಲೋ ಎಂದು ಎದ್ದುಹೋಗುತ್ತಿದ್ದೆವು.

ದೀಪಾವಳಿ ಕಳೆದಮೇಲೆ ಒಂದು ದಿನ ಊಟಕ್ಕೆ ಕೂತಾಗ ಅಮ್ಮ, "ನನ್ನನ್ನ ಅರಸೀಕೆರೆಗೆ ಕಳಿಸಿಬಿಡಪ್ಪ. ಇಲ್ಲಿ ನನ್ನ ಬಾಯಿ ತುಕ್ಕು ಹಿಡೀತಾ ಇದೆ" ಎಂದಳು. ತಮ್ಮನ ಹೆಂಡತಿ ಬಸುರಿಯಾಗಿದ್ದಳು. ಬಾಣಂತನಕ್ಕೆ ನಾನೇ ಬರ್ತೀನಿ ಎಂದು ಫೋನಿನಲ್ಲಿ ಹೇಳಿಯೂಬಿಟ್ಟಳು. ನಮ್ಮ ಮೇಲಿನ ಮಹಡಿಯಲ್ಲಿ ಕೊಡಗಿನವರೊಬ್ಬರು, ಸೇನೆಯಿಂದ ನಿವೃತ್ತರಾದ ಕರ್ನಲ್, ಸಂಕ್ರಾಂತಿ ಕಳೆದ ಮೇಲೆ ಹೆಂಡತಿಯೊಡನೆ ಊರಿಗೆ ಹೊರಟಿದ್ದರು. ಅವರ ಜೊತೆಯಲ್ಲೇ ಬೆಂಗಳೂರಿನವರೆಗೆ ಅಮ್ಮನಿಗೂ ಟಿಕೆಟ್ಟಾಯಿತು. ಅಮ್ಮ ಹೋಗುತ್ತಾಳೆಂಬ ದುಃಖ ಸರಿಯೇ. ಅದಕ್ಕಿಂತ ಹೆಚ್ಚಾಗಿ ಒಂದೇ ಸೂರಿನಡಿ ವರ್ಷವೆಲ್ಲ ಇದ್ದೂ ಈ ಅಜ್ಜಿ ಮೊಮ್ಮಗಳು ಒಬ್ಬರಿಗೊಬ್ಬರು ಪರಿಚಯವಾಗದೆಯೇ ಬೇರೆಯಾಗುತ್ತಾರಲ್ಲ ಎಂದು ನನಗೆ ಬಹಳ ಸಂಕಟವಾಯಿತು. ಇನ್ನೆರಡು ವರ್ಷಕ್ಕೆ ಚಿನ್ನುವಿಗೆ ಬೋರ್ಡ್ ಪರೀಕ್ಷೆ. ಆಮೇಲೆ ಅವಳದೇ ಲೋಕ. ಈಗ ಆಗದ ಮಾತು ಇನ್ನು ಆಗುವ ಹಾಗಿರಲಿಲ್ಲ.

ಇಂಥ ಸಮಯದಲ್ಲಿ ಒಂದು ಭಾನುವಾರ ಮಧ್ಯಾಹ್ನ ನಾನು ಸದಭಿರುಚಿಯ ಉದ್ಘಾಟನೆ ಮಾಡಿದೆ. ಚಿತ್ರದ ಕತೆ ಹೇಳುವುದು ಸುಲಭ, ಏಕೆಂದರೆ ಅದರಲ್ಲಿ ನಡೆಯುವುದು ಕಡಿಮೆ. ಒಂದು ದೊಡ್ಡ ಊರು, ಒಂದು ಫ್ಲ್ಯಾಟು, ಅಲ್ಲಿ ಒಬ್ಬಳೇ ಇರುವ ತರುಣಿ, ಅವಳ ಮೇಜಿನ ಮೇಲೊಂದು ಫ್ಯಾಕ್ಸ್ ಯಂತ್ರ. ಒಂದು ಸಂಜೆ ಯಾರೂ ಕಳಿಸದ ಹಾಳೆಯೊಂದು ತಾನಾಗಿ ಹೊರಬರುತ್ತದೆ. ಅದರಲ್ಲಿ ಉದ್ದನೆಯ ಕಾರಿಡಾರಿನ ಚಿತ್ರ, ಕಾರಿಡಾರಿನ ತುದಿಯಲ್ಲೊಂದು ಕಪ್ಪು ಚುಕ್ಕೆ. ಮರುದಿನ ಮತ್ತೊಂದು ಹಾಳೆ, ಅದೇ ಕಾರಿಡಾರು, ಚುಕ್ಕೆ ಮಾತ್ರ ಕೊಂಚ ದೊಡ್ಡದು. ಹೀಗೆ ದಿನಕ್ಕಿಷ್ಟು ಹತ್ತಿರವಾಗುತ್ತ ಆ ಚುಕ್ಕೆಗೆ ತಲೆ ಬರುತ್ತದೆ, ಸೀರೆಯಂಥ ಒಂದು ಉಡುಪು ಬರುತ್ತದೆ, ಮುಖದ ತುಂಬ ಇಳಿಬಿದ್ದ ಕೂದಲು ಬರುತ್ತದೆ. ತರುಣಿ ಹಾಳೆ ನೋಡುತ್ತಾಳೆ. ನಾವು ತರುಣಿಯನ್ನು ನೋಡುತ್ತೇವೆ. ನಡುವೆ ಕ್ಯಾಮೆರಾ ಖಾಲಿ ಕಾರಿಡಾರನ್ನು, ಯಾರಾದರೂ ನೆಲ ಒರೆಸಲು ಬರುತ್ತಾರೇನೋ ಎಂಬಂತೆ, ಬಹಳ ಹೊತ್ತು ನೋಡುತ್ತ ಕೂರುತ್ತದೆ.

ಸರ್ಕಾರಿ ನೌಕರನಿಗೆ ಇದರಲ್ಲಿ ಹೆದರುವಂಥದ್ದೇನೂ ಕಾಣಲಿಲ್ಲ. ಯಾರು ಕಳಿಸಿದರೆಂದು ಗೊತ್ತಿಲ್ಲದ, ಅರ್ಧ ಕಪ್ಪಾದ, ಏನು ಹೇಳುತ್ತಿದೆಯೆಂದು ತಿಳಿಯದ ಹಾಳೆಗಳು ನಮ್ಮ ಸೆಕ್ಷನ್ನಿಗೆ ದಿನವೂ ಬರುತ್ತವೆ; ನಾವು ಚೀರುವುದಿಲ್ಲ, ನಂಬರು ಹಾಕಿ ಕಡತಕ್ಕೆ ಸೇರಿಸುತ್ತೇವೆ. ಅಲ್ಲದೆ ನಾನು ಬಾಲ್ಯದಿಂದ ಬಲ್ಲ ದೆವ್ವಗಳೆಲ್ಲ ಚುರುಕಿನವು. ನಿರ್ಜನ ದಾರಿಯಲ್ಲಿ ಎದುರಾಗಿ, ಎಲೆಯಡಿಕೆಗೆ ಒಂದಿಷ್ಟು ಸುಣ್ಣ ಇದೆಯೇ ಎಂದು ಕೇಳಿ, ನೀವು ತಗ್ಗಿ ಅದರ ಪಾದ ತಿರುಗುಮುರುಗಾಗಿರುವುದನ್ನು ಕಂಡು, ಮೂರ್ಛೆ ಹೋಗಿ, ಜ್ವರ ಬಂದು, ತಾಯತ ಕಟ್ಟಿಸಿಕೊಳ್ಳುವುದರೊಳಗೆ ಅದು ಇನ್ನೊಬ್ಬನನ್ನು ಸುಣ್ಣ ಕೇಳುತ್ತಿರುತ್ತದೆ. ಅರ್ಧ ಗಂಟೆ ಕಳೆದರೂ ಕಾರಿಡಾರು ದಾಟದ ಈ ಜಪಾನೀ ದೆವ್ವ ನಮ್ಮ ಊರಿನಲ್ಲಾಗಿದ್ದರೆ ಹೊಟ್ಟೆಪಾಡಿಗೆ ಬೇರೆ ಉದ್ಯೋಗ ನೋಡಿಕೊಳ್ಳಬೇಕಾಗುತ್ತಿತ್ತು. ವಿಮಲಾ ಆಗಲೇ ನಿದ್ದೆಹೋಗಿದ್ದಳು. ಅವಳ ಮಾದರಿಯನ್ನು ನಾನೂ ಅನುಸರಿಸಿದೆ.

ಎಚ್ಚರವಾದದ್ದು ಮಾತಿನ ಸದ್ದಿಗೆ. ಕಣ್ಣು ತೆರೆಯದೆ ಕೇಳಿಸಿಕೊಂಡೆ. ತೆರೆಯ ಕೆಳಗೆ ಇಂಗ್ಲಿಷಿನಲ್ಲಿ ಮೂಡುವ ಸಾಲುಗಳನ್ನು ತೋರಿಸಿ ಅಮ್ಮ, "ಏನೇ ಅದು ಬರೆದಿರೋದು, ಆ ಹುಡುಗಿ ಏನಂದ್ಲು?" ಎಂದು ಕೇಳುತ್ತಿದ್ದಳು. ಚಿನ್ನು ಎಂದಿನಂತೆ "ಕುಛ್ ನಹೀಂ ಅಜ್ಜಿ" ಎನ್ನಲು ಹೋಗಿ ನಿಲ್ಲಿಸಿದಳು. ಹೇಳದಿದ್ದರೆ ಅಜ್ಜಿಗೆ ಏನೂ ತಿಳಿಯದು, ಮಿಕ್ಕ ಇಬ್ಬರು ದೊಡ್ಡವರು ಗೊರಕೆ ಹೊಡೆಯುತ್ತಿದ್ದಾರೆ. "ಅವಳು... ಅವಳು ಹೇಳ್ತಾಳೆ... ಇಲ್ಲಿ ಯಾರು..." ಎಂದು ತಡವರಿಸಿದಳು. ನಾನು ಎದ್ದಿದ್ದರೆ ವಾಕ್ಯ ಮುಗಿಸಿಬಿಡುತ್ತಿದ್ದೆ. ಆದರೆ ತೆರೆಯ ಮೇಲೆ ಆಗ ಮತ್ತೆ ಕಾರಿಡಾರು. ಮುಂದಿನ ಮಾತು ಬರುವುದಕ್ಕೆ ಎಷ್ಟೋ ಹೊತ್ತಿತ್ತು. ಆ ಹೊತ್ತಿನಲ್ಲಿ ಅವಳು ಹುಡುಕಿದಳು, ಅಜ್ಜಿ ಕಾದಳು, ಕ್ಯಾಮೆರಾವೂ ಕಾಯಿತು. "ಇಲ್ಲಿ ಯಾರಾದರೂ ಇದ್ದೀರಾ ಅಂತ ಕೇಳ್ತಾಳೆ ಅಜ್ಜಿ" ಎಂದು ಚಿನ್ನು ಮುಗಿಸಿದಾಗಲೂ ಆ ಕಾರಿಡಾರು ಹಾಗೇ ಖಾಲಿಯಿತ್ತು. ಭಯ್ಯಾ ಕೊಟ್ಟ ಖಾಲಿ ಗಂಟೆಯ ಬೆಲೆ ನನಗೆ ಗೊತ್ತಾದದ್ದು ಆಗ. ನಾನು ಕಣ್ಣು ಬಿಗಿಯಾಗಿ ಮುಚ್ಚಿ ಮಲಗಿದೆ. ನನ್ನ ನಟನಾಜೀವನದ ಅತ್ಯುತ್ತಮ ಪಾತ್ರ ಅದು.

ಸೂರ್ಯ ಇಳಿಯುತ್ತಿದ್ದಂತೆ ಅಮ್ಮ ಟಿ.ವಿ. ನಿಲ್ಲಿಸಿದಳು. ದೇವರಿಗೆ ದೀಪ ಹಚ್ಚಿದ ಮೇಲೆ ಮನೆಯಲ್ಲಿ ದೆವ್ವದ ಸುದ್ದಿ ಎತ್ತಬಾರದೆಂಬುದು ಅವಳು ತಂದ ಕಾನೂನು; ಅದಕ್ಕೆ ಜಪಾನೀಯರೂ ಹೊರತಲ್ಲ. ಹಾಗಾಗಿ ಚಿತ್ರ ಮರುದಿನಕ್ಕೆ, ಚಿನ್ನು ಶಾಲೆಯಿಂದ ಬಂದು ಉಂಡಮೇಲೆ ದೀಪ ಹಚ್ಚುವವರೆಗಿನ ಚಳಿಗಾಲದ ಚಿಕ್ಕ ಮಧ್ಯಾಹ್ನಕ್ಕೆ, ಮುಂದೂಡಲ್ಪಟ್ಟಿತು. ದೆಹಲಿಯಲ್ಲಿ ಆ ಹೊತ್ತಿಗೆ ಕರೆಂಟು ಹೋಗುವ ಪದ್ಧತಿಯೂ ಉಂಟು. ನಮ್ಮ ಪ್ಲೇಯರಿಗೆ ನೆನಪಿನ ಶಕ್ತಿ ಇರಲಿಲ್ಲ. ಕರೆಂಟು ಬಂದಮೇಲೆ ಮೊದಲಿಂದ ಶುರು. ಓಡಿಸೋಣವೆಂದರೆ ಅಮ್ಮ ಬಿಡಳು. "ಓಡಿಸ್ಬೇಡ ಕಣೇ, ಪಾಪ, ಅವಳ ಪಾಡಿಗೆ ಅವಳು ಬರಲಿ. ನಿಧಾನವೇ ಪ್ರಧಾನ" ಎಂದು ದೆವ್ವದ ಪರ ವಕಾಲತ್ತು ವಹಿಸುವಳು. ಹೀಗೆ ಅದೇ ಸಂಭಾಷಣೆಯನ್ನು ಮತ್ತೆ ಮತ್ತೆ ಹೇಳಿ ಹೇಳಿ ಚಿನ್ನುವಿನ ಕನ್ನಡ ಕಾಲೂರಿತು. ನಾನೂ ವಿಮಲಾಳೂ ಆಫೀಸಿನಿಂದ ಬರುವಷ್ಟರಲ್ಲಿ ದೆವ್ವ ಎಲ್ಲಿಯವರೆಗೆ ಬಂತೆಂಬ ವರದಿ ಸಿದ್ಧವಾಗಿರುತ್ತಿತ್ತು. ದೀಪ ಹಚ್ಚಿಯಾಗಿದ್ದರಿಂದ ದೆವ್ವ ಎನ್ನದೆ "ಆ ಹೆಂಗಸು" ಎನ್ನಬೇಕಿತ್ತು, ಅಷ್ಟೆ.

ಚಿನ್ನು ಕಲಿತಿದ್ದ ಅಲ್ಪಸ್ವಲ್ಪ ಕನ್ನಡವೂ ಅಜ್ಜಿ, ಚಿಕ್ಕಪ್ಪ, ಕನ್ನಡ ಸಂಘದ ಹಿರಿಯರು, ಇಂಥವರ ಜೊತೆಗಿನದು. ಹಾಗಾಗಿ ದೆವ್ವವೂ ಅವಳ ಬಾಯಲ್ಲಿ ಗೌರವಾನ್ವಿತವಾಯಿತು. "ಅಜ್ಜಿ, ದೆವ್ವದವರು ಬಂದರು, ಈಗ ನಿಂತುಕೊಂಡರು." ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕು, "ಕೂತ್ಕೋಳಿ ಅನ್ನೇ, ಕಾಫಿ ಕೊಡೋಣ" ಎನ್ನುವಳು. ಇನ್ನೊಂದು ದಿನ ತೆರೆಯ ಮೇಲಿನ ಹಾಳೆಯಲ್ಲಿ ನಾನು ಬಹಳ ದಿನದಿಂದ ಕಾಯುತ್ತಿದ್ದೇನೆ ಎಂಬರ್ಥದ ಮಾತು ಮೂಡಿತು. "ಇಂತಜಾರ್‌ಗೆ ಏನು ಅಜ್ಜಿ?" "ಕಾಯೋದು." "ಅದು ಹಾಲು ಕಾಯೋದಲ್ವಾ?" ಅಮ್ಮ ಯೋಚಿಸಿ, ಎರಡೂ ಒಂದೇ ಕಣೇ, ಎರಡಕ್ಕೂ ಪಕ್ಕದಲ್ಲೇ ನಿಂತಿರಬೇಕು ಎಂದಳಂತೆ.

ಭಯಾನಕ ರಸಕ್ಕೆ ಅಮ್ಮನಿಂದ ಆದ ಅಪಚಾರ ಅಷ್ಟಿಷ್ಟಲ್ಲ. ಮುಖ ಮುಚ್ಚಿದ ಆ ಕೂದಲು ಮೊದಲ ಸಲ ಹತ್ತಿರದಿಂದ ಕಂಡಾಗ ಚಿನ್ನು ಕಿರುಚಿದರೆ, ಅಮ್ಮ, "ಅಯ್ಯೋ ಶಿವನೇ, ಎಣ್ಣೆ ಕಂಡು ಎಷ್ಟು ಕಾಲವಾಯ್ತೋ" ಎಂದು ಮರುಗಿದಳು. ಎಣ್ಣೆಯ ವಾಸನೆಗೆ ಮೂಗು ಮುರಿದು ವರ್ಷವೆಲ್ಲ ಅಜ್ಜಿಯ ಕೈಗೆ ತಲೆ ಕೊಡದಿದ್ದ ನನ್ನ ಮಗಳು ಆವತ್ತು ತಾನಾಗಿಯೇ ಹೋಗಿ ಕೊಬ್ಬರಿ ಎಣ್ಣೆಯ ಸೀಸೆಯನ್ನು ಬಿಸಿಲಿಗಿಟ್ಟು ಕರಗಿಸಿ ತಂದು, ಸೋಫಾದ ಮುಂದೆ ನೆಲದ ಮೇಲೆ ಕೂತಳು. ಅಲ್ಲಿಂದ ಮುಂದೆ ತೆರೆಯ ಮೇಲೆ ಕೆದರಿದ ತಲೆ, ತೆರೆಯ ಈಚೆಗೆ ಬಿಗಿದ ಎರಡು ಜಡೆ. ಕಾಲು ನೋವೆಂದು ಕೆಳಗೆ ಕೂರಲಾರದ ಅಮ್ಮನಿಗೂ, ಕನ್ನಡ ಹೇಳುವಾಗ ಮುಖಕ್ಕೆ ಮುಖ ಕೊಡಲು ನಾಚುತ್ತಿದ್ದ ಚಿನ್ನುವಿಗೂ ಆ ಭಂಗಿ ಒಗ್ಗಿತು.

ಪ್ರಯಾಣದ ವಿಷಯ ಮಾತಾಡಲು ಬಂದ ಕರ್ನಲ್ ಸಾಹೇಬರು ಒಂದು ಭಾನುವಾರ ಸ್ವಲ್ಪ ಹೊತ್ತು ನಿಂತು ನೋಡಿ, ದೆವ್ವಕ್ಕೆ ಇಷ್ಟೊಂದು ಹೆದರುವುದು ಏಕೆಂದು ತಮಗೆ ಅರ್ಥವಾಗಲಿಲ್ಲವೆಂದರು. "ನಮ್ಮಲ್ಲಿ ಹೋದ ಹಿರಿಯರಿಗೆ ವರ್ಷಕ್ಕೊಮ್ಮೆ ಮಾಂಸ, ಮದ್ಯ ಎಲ್ಲ ಇಟ್ಟು ಕೈಮುಗೀತೀವಿ. ಅವರು ಇವತ್ತಿನವರೆಗೂ ಯಾರಿಗೂ ಫ್ಯಾಕ್ಸ್ ಮಾಡಿಲ್ಲ." ಮದ್ಯಮಾಂಸಗಳನ್ನು ಬಿಟ್ಟು ಮಿಕ್ಕದ್ದಕ್ಕೆ ಅಮ್ಮನ ಅನುಮೋದನೆ ದೊರೆಯಿತು. ಅವಳ ರೋಗನಿದಾನವೂ ಅದೇ. "ಅದು ಹೆದರಿಸೋಕೆ ಬರ್ತಿಲ್ಲ. ಕರೆಯದೆ ಒಳಗೆ ಬರಬಾರದು ಅಂತ ಬಾಗಿಲಾಚೆ ನಿಂತಿದೆ. ಒಂದು ಎಲೆ ಹಾಕಿ, ಬಾಮ್ಮ ಊಟಕ್ಕೆ ಅಂದಿದ್ದರೆ ಸಿನಿಮಾ ಎಂದೋ ಮುಗಿದಿರೋದು" ಎಂದಳು. ಆಮೇಲೆ ತೆರೆಯ ಕಡೆಗೇ ನೋಡುತ್ತ, ತನ್ನಷ್ಟಕ್ಕೇ ಹೇಳಿಕೊಳ್ಳುವಂತೆ, "ನಾನೂ ಒಂದು ವರ್ಷ ಈ ಮನೇಲಿ ಹಾಗೇ ಓಡಾಡಿದ್ದು. ಅದಕ್ಕಾದರೂ ಒಂದು ಮೆಷೀನಿತ್ತು" ಎಂದಳು. ಕರ್ನಲ್ ಸಾಹೇಬರು ಗಡಿಯಾರ ನೋಡಿಕೊಂಡರು. ನಾನು ಅವರನ್ನು ರೈಲಿನ ಸಮಯ ಕೇಳಿದೆ. ಚಿನ್ನು ಮಾತ್ರ ಹಿಂದೆ ಕೈಚಾಚಿ ಅಜ್ಜಿಯ ಪಾದ ಹಿಡಿದುಕೊಂಡು ಕೂತಳು.

ದೆವ್ವಕ್ಕೆ ಮರ್ಯಾದೆಯ ದಾರಿ ಇನ್ನೊಂದೂ ಉಂಟೆಂದು ಅಮ್ಮ ಅದೇ ದಿನಗಳಲ್ಲಿ ಹೇಳಿದಳು. ಹಿಂದೆ ನಮ್ಮ ಕಡೆ ಬೀದಿ ಬೀದಿಯ ಬಾಗಿಲುಗಳ ಮೇಲೆ ಬಳಪದಲ್ಲಿ "ನಾಳೆ ಬಾ" ಎಂದು ಬರೆದಿದ್ದರು. ಮನೆಯವರ ದನಿಯಲ್ಲಿ ಕರೆಯುತ್ತ ಬರುವ ದೆವ್ವ ಅದನ್ನೋದಿ ಹಿಂದಿರುಗುತ್ತಿತ್ತಂತೆ, ಮರುದಿನ ಬಂದು ಮತ್ತೆ ಓದುತ್ತಿತ್ತಂತೆ. ಅಕ್ಷರಸ್ಥ ದೆವ್ವ, ಅಷ್ಟೇ ಆಜ್ಞಾಧಾರಕ. ಮಂಜಿನಿಂದ ಮಬ್ಬಾಗಿದ್ದ ಕಿಟಕಿಯ ಗಾಜಿನ ಮೇಲೆ ಅಮ್ಮ ಬೆರಳಿನಲ್ಲಿ ಆ ಎರಡು ಶಬ್ದ ಬರೆದು ತೋರಿಸಿದಳು. ಚಿನ್ನು ಪಕ್ಕದಲ್ಲಿ ನಕಲು ಮಾಡಿದಳು. ಕನ್ನಡದಲ್ಲಿ ಅವಳು ಓದಲು ಬರೆಯಲು ಕಲಿತ ಮೊದಲ ಪಾಠ ಅದು. ಇಡೀ ಸಚಿವಾಲಯವೇ ಬಾಗಿಲಿಗೆ ಬಂದವರಿಗೆಲ್ಲ ಹೇಳುವ ಮಾತನ್ನು ನನ್ನ ಮಗಳು ಇಷ್ಟು ಚಿಕ್ಕ ವಯಸ್ಸಿಗೆ ಕಲಿತದ್ದು ನೋಡಿ ನನಗೆ ಅವಳ ಭವಿಷ್ಯದ ಬಗ್ಗೆ ಭರವಸೆ ಮೂಡಿತು. ಅವಳು ಮಾತ್ರ ಗಾಜನ್ನೇ ನೋಡುತ್ತ, "ಪಾಪ ಅಜ್ಜಿ, ದಿನಾ ನಾಳೆ ಅಂದರೆ ಅವರು ಯಾವಾಗ ಬರೋದು?" ಎಂದಳು.

ಸಂಕ್ರಾಂತಿ ಕಳೆಯಿತು. ಮೊದಲ ಡಿಸ್ಕು ಮುಗಿದಾಗ ದೆವ್ವ ಬಾಗಿಲವರೆಗೆ ಬಂದು, ತರುಣಿ ಚಿಲಕದ ಮೇಲೆ ಕೈಯಿಟ್ಟಿದ್ದಳು. ಅಜ್ಜಿ ಮೊಮ್ಮಗಳು ಉಸಿರು ಬಿಗಿಹಿಡಿದು ಎರಡನೆಯ ಡಿಸ್ಕು ಹಾಕಿದರು. ಬ್ಯಾಂಡು ಬಾಜಾ ಮೊಳಗಿತು. ಕುದುರೆ ಬಂತು, ಕುದುರೆಯ ಮೇಲೆ ಮುಖಕ್ಕೆ ಹೂವಿನ ಪರದೆ ಇಳಿಬಿಟ್ಟುಕೊಂಡ ಒಂದು ಆಕೃತಿ ಬಂತು, ಅದರ ಮುಂದೆ ಯಾರ್ಯಾರೋ ಕುಣಿದರು. ಯಾರದೋ ಮದುವೆಯ ವಿಡಿಯೋ ಅದು. ಚಿನ್ನು ಕಣ್ಣು ತುಂಬಿಕೊಂಡರೆ ಅಮ್ಮ ಬಹಳ ಹೊತ್ತು ಗಮನವಿಟ್ಟು ನೋಡಿ, "ಒಳ್ಳೇದಾಯ್ತು ಬಿಡು, ಕೊನೆಗೂ ಮದುವೆ ಮಾಡಿಬಿಟ್ಟರು" ಎಂದಳು.

ನಾನು ಅವಸರವಾಗಿ ನೆಲಮಾಳಿಗೆಯ ಭಯ್ಯಾನ ಹತ್ತಿರ ಓಡಿದೆ. ಸರಿಯಾದ ಡಿಸ್ಕು ಅವನಲ್ಲಿರಲಿಲ್ಲ. ಕತೆಯನ್ನಾದರೂ ಹೇಳು ಮಾರಾಯ ಎಂದದ್ದಕ್ಕೆ, "ಅಂತ್ ಮೇಂ ಸಬ್ ಮರ್ ಜಾತೇ ಹೈಂ ಸರ್" ಎಂದ, ಕೊನೆಗೆ ಎಲ್ಲರೂ ಸಾಯುತ್ತಾರೆ ಎಂದು. ಇದನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಸಾಧಾರಣವಾಗಿ ಎಲ್ಲ ಕತೆಗಳೂ ಸಾಕಷ್ಟು ಮುಂದುವರಿಸಿದರೆ ಹಾಗೇ ಮುಗಿಯುತ್ತವೆ, ಅದರಲ್ಲಿ ಜಪಾನೀಯರ ವಿಶೇಷವೇನಿಲ್ಲ.

ಹೊರಡುವ ದಿನ ಬಂತು. ಅಮ್ಮನಿಗೀಗ ಹೋಗುವ ಮನಸ್ಸಿರಲಿಲ್ಲ. ಸೀರೆ ಮಡಿಸುತ್ತ ಅದನ್ನೇ ಮತ್ತೆ ಬಿಚ್ಚಿ ಮಡಿಸುತ್ತಿದ್ದುದನ್ನು ನಾನು ಕಂಡೆ. ಆದರೆ ನೆಪವಾಗಿ ಹುಟ್ಟಿದ ಬಾಣಂತನ ಅಷ್ಟರಲ್ಲಿ ಕರ್ತವ್ಯವಾಗಿ ಬೆಳೆದಿತ್ತು. ಬಸುರಿ ಅಲ್ಲಿ ದಾರಿ ನೋಡುತ್ತಿದ್ದಳು. ಸ್ಟೇಷನ್ನಿನ ಮಂಜಿನಲ್ಲಿ ರೈಲು ತಡವಾಗಿ ಬಂದರೂ ಬಂದೇಬಿಟ್ಟಿತು. "ಹೋಗಿ ಬರ್ತೀನಿ ಕಣೇ" ಎಂದು ಅಮ್ಮ ಚಿನ್ನುವಿನ ಎರಡೂ ಜಡೆ ಹಿಡಿದು ಅತ್ತಳು. ಚಿನ್ನು ಏನೋ ಹೇಳಲು ಬಾಯಿ ತೆರೆದಳು. ಶಬ್ದ ಸಿಗುವಷ್ಟರಲ್ಲಿ ರೈಲು ಹೊರಟಿತು. ರೈಲುಗಳು ಆ ಚಿತ್ರದ ಹಾಗಲ್ಲ.

ದೂರವಾಣಿಯೂ ಆ ಚಿತ್ರದ ಹಾಗಲ್ಲವೆಂದು ಮುಂದಿನ ವಾರಗಳಲ್ಲಿ ತಿಳಿಯಿತು. ಎಸ್.ಟಿ.ಡಿ. ಕರೆಯೆಂದರೆ ಹಿಂದೆ ಯಾರೋ ಅಟ್ಟಿಸಿಕೊಂಡು ಬಂದಂತೆ ಮಾತಾಡುವುದು ನಮ್ಮ ವಂಶದ ರೂಢಿ. ನಾನು, ವಿಮಲಾ, ಆಚೆ ಕಡೆ ತಮ್ಮ, ಎಲ್ಲರೂ ಗಡಬಡಿಸಿ, ರಿಸೀವರನ್ನು ಚಿನ್ನುವಿನ ಕಿವಿಗೆ ಒತ್ತಿ, "ಬೇಗ ಮಾತಾಡು, ಬೇಗ" ಎನ್ನುತ್ತಿದ್ದೆವು. ಅವಳು "ಹಾಂ ಅಜ್ಜಿ. ಠೀಕ್ ಅಜ್ಜಿ" ಎಂದು ರಿಸೀವರು ಹಿಂದಕ್ಕೆ ಕೊಡುತ್ತಿದ್ದಳು. ಎಲ್ಲವೂ ಮೊದಲಿನ ಹಾಗಾಯಿತು. ಮೊದಲಿಗಿಂತ ಕೆಟ್ಟದ್ದು, ಏಕೆಂದರೆ ಈಗ ಕಳೆದುಕೊಂಡದ್ದು ಏನೆಂದು ಇಬ್ಬರಿಗೂ ಗೊತ್ತಿತ್ತು. ಫೋನಿಟ್ಟ ಮೇಲೆ ಆ ಹುಡುಗಿ ಸಪ್ಪಗೆ ಕೂರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಒಂದು ಸಂಜೆ ಅವಳು, "ಅಪ್ಪಾ, ಫ್ಯಾಕ್ಸ್ ಮಾಡೋಕೆ ಮಾತಾಡಬೇಕಾ?" ಎಂದು ಕೇಳಿದಳು. ಬೇಡ ಎಂದೆ. ಅರಸೀಕೆರೆಯಲ್ಲಿ ತಮ್ಮನ ಮನೆಯೆದುರು ಒಂದು ಟೆಲಿಫೋನ್ ಬೂತ್ ಇತ್ತು, ಅಲ್ಲಿ ಫ್ಯಾಕ್ಸೂ ಇತ್ತು. ನಮ್ಮ ಸೆಕ್ಟರಿನ ಮಾರುಕಟ್ಟೆಯ ಅಂಗಡಿಯಿಂದ ಚಿನ್ನು ಒಂದು ಹಾಳೆ ಕಳಿಸಿದಳು. ಏನು ಬರೆದಳೆಂದು ನಾನು ನೋಡಲಿಲ್ಲ. ಅದಾದ ಮೇಲೆ ಪ್ರತಿ ವಾರ ಒಂದೊಂದು.

ತಮ್ಮನ ಫೋನು ಬಂದದ್ದು ಹೋಳಿಯ ಆಸುಪಾಸಿನಲ್ಲಿ. ದನಿ ತಗ್ಗಿಸಿ ಮಾತಾಡುತ್ತಿದ್ದ. "ಅಣ್ಣಾ, ಇದೇನು? ವಾರ ವಾರ ಯಾವುದೋ ಉದ್ದನೆಯ ಓಣಿಯ ಚಿತ್ರ ಬರ್ತಿದೆ. ಅದರ ತುದೀಲಿ ಕಪ್ಪಗೆ ಏನೋ ಇದೆ. ಸಲಸಲಕ್ಕೂ ಹತ್ತಿರ ಬರ್ತಿದೆ. ಬೂತಿನವನು ಮುಟ್ಟೋಕೇ ಹೆದರ್ತಾನೆ. ಮನೇಲಿ ಹಸೀ ಬಾಣಂತಿ ಇದಾಳೆ, ಯಾರಾದರೂ ಮಾಟ ಗೀಟ ಮಾಡಿಸಿಲ್ಲ ತಾನೆ?" ಅಮ್ಮ ಏನಂತಾಳೆ ಎಂದೆ. "ಅವಳಾ? ಹಾಳೆ ಹಿಡ್ಕೊಂಡು ಒಬ್ಬಳೇ ನಗ್ತಾಳೆ. ಎಲ್ಲಾನೂ ದೇವರ ಗೂಡಿನಲ್ಲಿಟ್ಟಿದಾಳೆ. ಅದೂ ಈ ಸಲದ್ದಕ್ಕೆ ಎರಡು ಜಡೆ ಬೇರೆ ಬಂದಿದೆ" ಎಂದ ಅವನು. ಬೇಸಿಗೆ ರಜೆಗೆ ಅಜ್ಜಿಯ ಹತ್ತಿರ ಹೋಗುತ್ತೇನೆಂದು ಚಿನ್ನು ಪಟ್ಟುಹಿಡಿದದ್ದೂ, ಟಿಕೆಟ್ಟು ಮಾಡಿಸಿದ್ದೂ ನನಗೆ ಗೊತ್ತಿತ್ತು. ಅವಳು ಆಗಲೇ ಹೊರಟು, ವಾರಕ್ಕಿಷ್ಟರಂತೆ ನಡೆಯುತ್ತಿದ್ದಾಳೆಂಬುದು ಗೊತ್ತಿರಲಿಲ್ಲ.

ಚಿನ್ನುವಿನ ಪರೀಕ್ಷೆ ಮುಗಿದ ವಾರ ನಮ್ಮ ಸೆಕ್ಷನ್ನಿನ ಯಂತ್ರ ಗಂಟಲು ಸರಿಮಾಡಿಕೊಂಡಿತು. ಆಪತ್ತಿಗೆ ಇರಲೆಂದು ನಾನು ಅಮ್ಮನಿಗೆ ಆಫೀಸಿನ ಫ್ಯಾಕ್ಸ್ ನಂಬರು ಬರೆದುಕೊಟ್ಟಿದ್ದೆ. ಬಂದ ಹಾಳೆ ನೇರವಾಗಿ ನನ್ನ ಕೈಗೆ ಬರಲಿಲ್ಲ. ಸರ್ಕಾರದಲ್ಲಿ ಹಾಗೆ ಏನೂ ಬರುವುದಿಲ್ಲ. ನಮ್ಮ ಶರ್ಮಾಜಿ ಅದಕ್ಕೆ ನಂಬರು ಹಾಕಿ, ಕಡತದಲ್ಲಿಟ್ಟು, ಹಿಂದಿಯಲ್ಲಿ ಟಿಪ್ಪಣಿ ಬರೆದು ಮಂಡಿಸಿದ್ದರು: ಉದ್ದನೆಯ, ತುದಿ ಚೂಪಾದ ಒಂದು ಆಕೃತಿ, ಒಳಗೆ ಅಲ್ಲಲ್ಲಿ ಗುಡ್ಡೆಗಳು, ಬಹುಶಃ ಯಾವುದೋ ಜಲಾಶಯದ ನಕ್ಷೆ, ಕೆಳಗೆ ದಕ್ಷಿಣದ ಲಿಪಿಯಲ್ಲಿ ಏನೋ ಇದೆ, ಸಂಬಂಧಪಟ್ಟ ಸಚಿವಾಲಯಕ್ಕೆ ಕಳಿಸಬಹುದೇ, ಆದೇಶವಾಗಲಿ.

ಅದು ಊಟದ ಎಲೆ. ಬಾಳೆಯೆಲೆ. ಮೂಲೆಯಲ್ಲಿ ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ನಡುವೆ ಅನ್ನದ ಗುಡ್ಡೆ, ಎಲ್ಲ ಅವುಗಳ ಜಾಗದಲ್ಲಿ, ಅಮ್ಮನ ನಡುಗುವ ಕೈಯ ಗೆರೆಗಳಲ್ಲಿ. ಪಕ್ಕದಲ್ಲೊಂದು ಲೋಟ, ಮುಂದೆ ಒಂದು ಮಣೆ. ಮಣೆಯ ಮೇಲೆ ಯಾರೂ ಇಲ್ಲ. ನಾನು ಶರ್ಮಾಜಿಯ ಟಿಪ್ಪಣಿಯ ಕೆಳಗೆ "ನೋಡಿದೆ" ಎಂದು ಬರೆದು ಸಹಿ ಮಾಡಿ, ಹಾಳೆಯನ್ನು ಕಿತ್ತು ಮಡಿಸಿ ಜೇಬಿನಲ್ಲಿಟ್ಟುಕೊಂಡೆ. ಆಮೇಲೆ ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ಸ್ವಲ್ಪ ಹೊತ್ತು ಕಿಟಕಿಯ ಕಡೆ ತಿರುಗಿ ಕೂರಬೇಕಾಯಿತು.

ಮನೆಗೆ ಬಂದು ಚಿನ್ನುವಿನ ಕೈಗೆ ಕೊಟ್ಟೆ. ಅವಳು ಎಲೆಯನ್ನು ನೋಡಿದಳು. ಕೆಳಗಿದ್ದ ಅಕ್ಷರದ ಮೇಲೆ ಬೆರಳಿಟ್ಟಳು. ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ತಡೆದುಕೊಂಡೆ. ಎಷ್ಟು ಹೊತ್ತಾದರೂ ಆಗಲಿ ಎಂದು ಸುಮ್ಮನೆ ನಿಂತೆ. ಅವಳು ಹಾಳೆಯ ಎಡಕ್ಕೆ ಹುಡುಕಿದಳು, ಬಲಕ್ಕೆ ಹುಡುಕಿದಳು, ತಿರುಗಿಸಿ ಹಿಂಬದಿಯನ್ನೂ ನೋಡಿದಳು.

"ಅಪ್ಪಾ," ಎಂದಳು, "ಅಜ್ಜಿ ಬರೀ 'ಬಾ' ಅಂತ ಬರೆದಿದಾರೆ. ಇದರಲ್ಲಿ 'ನಾಳೆ' ಇಲ್ಲ."

ಚಿನ್ನು ಈಗ ಕಾಲೇಜಿಗೆ ಬಂದಿದ್ದಾಳೆ. ಅಜ್ಜಿಗೆ ಫೋನು ಮಾಡಿದರೆ ನಡುವೆ ನಿಂತು ಶಬ್ದ ಹುಡುಕಿಕೊಳ್ಳುತ್ತಾಳೆ, ಆಚೆ ಕಡೆ ಅಮ್ಮ ಕಾಯುತ್ತಾಳೆ, ಬೇಗ ಎನ್ನುವವರು ಯಾರೂ ಇಲ್ಲ. ಆದರೂ ಪ್ರತಿ ವರ್ಷ ರಜೆಯ ಮುಂಚೆ ಒಂದು ಎಲೆ ಬಂದೇ ಬರುತ್ತದೆ. ಗೆರೆಗಳು ಮೊದಲಿಗಿಂತ ನಡುಗುತ್ತವೆ, ಉಪ್ಪು ಒಮ್ಮೊಮ್ಮೆ ಎಲೆಯಾಚೆ ಬೀಳುತ್ತದೆ. ಆ ಯಂತ್ರ ಕೆಮ್ಮಿದಾಗೆಲ್ಲ ಸೆಕ್ಷನ್ನಿನಲ್ಲಿ ಮಿಕ್ಕವರು ಮುಖ ಸಿಂಡರಿಸಿದರೆ, ನಾನು ಅಂಡರ್ ಸೆಕ್ರೆಟರಿಯ ಘನತೆ ಮರೆತು ಎದ್ದುಹೋಗಿ ಅದರ ಪಕ್ಕದಲ್ಲೇ ನಿಂತಿರುತ್ತೇನೆ. ಗುಜರಿಯ ಕಡತ ಇವತ್ತೂ ನನ್ನ ಮೇಜಿಗೆ ಬಂದಿತ್ತು. ಬಹಳ ಆಜ್ಞಾಧಾರಕ ಕಡತ ಅದು. ನಾಳೆ ಬಾ ಎಂದು ಹೇಳಿ ಕಳಿಸಿದ್ದೇನೆ.